ಹುಣ್ಣಿಮೆ ರಾತ್ರಿ, ಒಂದೇ ಪಂಕ್ತಿ

2025ರ ಜನವರಿ ಎರಡನೇ ವಾರ ನಮ್ಮ ಆಫೀಸಿನಲ್ಲಿ ಸಂಕ್ರಾಂತಿ ಪಾಟ್‌ಲಕ್ ಇತ್ತು. ಎಚ್‌ಆರ್‌ನವರು ಒಂದು ಶೀಟ್ ಕಳಿಸಿದ್ದರು. ಹೆಸರು, ಊರು, 'ನಿಮ್ಮ ಊರಿನ ಸುಗ್ಗಿ ತಿನಿಸು' ಅಂತ ಮೂರು ಕಾಲಂ. ಮಧುರೆಯವರು ಸಕ್ಕರೆ ಪೊಂಗಲ್ ಬರೆದರು, ಪುಣೆಯ ಹುಡುಗಿ ತಿಲಗುಳ್ ಬರೆದಳು, ಪಂಜಾಬಿನವನು ಪಿನ್ನಿ ಬರೆದ. ನಾನು ಊರಿನ ಜಾಗದಲ್ಲಿ 'ಕೊಳ್ಳೇಗಾಲ' ಅಂತ ಬರೆದು ಮೂರನೇ ಕಾಲಂನಲ್ಲಿ ನಿಂತುಬಿಟ್ಟೆ. ಕೊನೆಗೆ 'ಎಳ್ಳು ಬೆಲ್ಲ' ಅಂತ ಟೈಪ್ ಮಾಡಿದೆ. ಜಯನಗರದ ಅಂಗಡಿಯೊಂದರಲ್ಲಿ ಅರ್ಧ ಕೆಜಿ ಕೊಂಡು, ಮನೆಯಲ್ಲೇ ಮಾಡಿದ್ದು ಅನ್ನೋ ಹಾಗೆ ಕಾಣಲಿ ಅಂತ ಸ್ಟೀಲ್ ಡಬ್ಬಿಗೆ ಸುರಿದುಕೊಂಡು ಹೋದೆ.

ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಎಳ್ಳು ಬೀರುವ ಪದ್ಧತಿಯೇ ಇರಲಿಲ್ಲ. ಸಂಕ್ರಾಂತಿ ಅಂದರೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸಿದರೆ ಮುಗಿಯಿತು. ನಮಗೆ ಸುಗ್ಗಿಯ ಹಬ್ಬ ಅಂದರೆ ಚಿಕ್ಕಲ್ಲೂರು ಜಾತ್ರೆ. ಪುಷ್ಯ ಮಾಸದ ಹುಣ್ಣಿಮೆ ರಾತ್ರಿ ಶುರುವಾಗಿ ಐದು ದಿನ ನಡೆಯುತ್ತೆ. ಆ ವರ್ಷ ಹುಣ್ಣಿಮೆ 13ಕ್ಕೆ, ಸಂಕ್ರಾಂತಿ 14ಕ್ಕೆ ಬಂದಿದ್ದವು. ಜಾತ್ರೆಯ ಊಟ ರಾಗಿ ಹಿಟ್ಟು ಮತ್ತು ಮರಿ ಸಾರು. (ಬೆಂಗಳೂರಿನಲ್ಲಿ ಮುದ್ದೆ ಅನ್ನೋದನ್ನ ನಮ್ಮ ಕಡೆ ಹಿಟ್ಟು ಅಂತೀವಿ.) ಎಚ್‌ಆರ್ ಶೀಟ್‌ನ ಕೆಳಗೆ 'ವೆಜ್ ಮಾತ್ರ' ಅಂತ ಬರೆದಿತ್ತು. ನಾನು ಸುಳ್ಳು ಹೇಳಿದ್ದಕ್ಕೆ ಅದು ಅರ್ಧ ಕಾರಣ ಅಷ್ಟೆ. ಇನ್ನರ್ಧ ಕಾರಣಕ್ಕೆ ಆಮೇಲೆ ಬರ್ತೀನಿ.

ಮೊದಲು ಹುಣ್ಣಿಮೆಯ ವಿಷಯ. ಸಿಂಗಪುರದ ಆಫೀಸಿನಿಂದ ಬಂದ ಸಹೋದ್ಯೋಗಿಯೊಬ್ಬರು ಸೆಪ್ಟೆಂಬರ್‌ನಲ್ಲಿ ಮೂನ್‌ಕೇಕ್ ತಂದಿದ್ದರು. ಚೀನೀಯರು ತಮ್ಮ ಎಂಟನೇ ತಿಂಗಳ ಹುಣ್ಣಿಮೆಗೆ ಅದನ್ನು ತಿನ್ನುತ್ತಾರೆ. ಅದೇ ಹುಣ್ಣಿಮೆಗೆ ಕೊರಿಯಾದವರು ಹೊಸ ಅಕ್ಕಿಯ ಸೊಂಗ್‌ಪ್ಯೊನ್ ಅನ್ನೋ ಕಡುಬು ಮಾಡಿ ಹಿರಿಯರಿಗೆ ಎಡೆ ಇಡುತ್ತಾರೆ. ಸುಗ್ಗಿಯ ಚಂದ್ರ ಅಂದರೆ ಜಗತ್ತಿಗೆಲ್ಲ ಅದೊಂದೇ ಅಂದುಕೊಂಡುಬಿಡ್ತೀವಿ. ಆದರೆ ಯಾವ ಹುಣ್ಣಿಮೆ ಸುಗ್ಗಿಯ ಹುಣ್ಣಿಮೆ ಅನ್ನೋದು ಹೊಲದಲ್ಲಿ ಏನಿದೆ ಅನ್ನೋದರ ಮೇಲೆ ನಿಂತಿದೆ. ನಮ್ಮ ಉತ್ತರ ಕರ್ನಾಟಕದವರು ಆಶ್ವಯುಜದಲ್ಲಿ ಸೀಗೆ ಹುಣ್ಣಿಮೆ ಮಾಡುತ್ತಾರೆ, ಮಲೆನಾಡಿನವರು ಅದನ್ನೇ ಭೂಮಿ ಹುಣ್ಣಿಮೆ ಅಂತಾರೆ. ಪೈರು ಆಗಿನ್ನೂ ಹೊಲದಲ್ಲೇ ಇರುತ್ತೆ. ಭೂಮಿ ತುಂಬು ಬಸುರಿ ಅಂತ ಭಾವಿಸಿ ಅವಳ ಬಯಕೆ ತೀರಿಸಲು ಬಗೆಬಗೆಯ ಅಡುಗೆ ಒಯ್ದು ಹೊಲಕ್ಕೆ ಚರಗ ಚೆಲ್ಲುತ್ತಾರೆ. ಅದು ಬಸುರಿಯ ಊಟ, ಹೆರಿಗೆ ಆದಮೇಲಿನದ್ದಲ್ಲ.

ಕೊಳ್ಳೇಗಾಲ, ಹನೂರು ಸೀಮೆಯ ಒಣ ಹೊಲಗಳಲ್ಲಿ ರಾಗಿ ಕೊಯ್ಲಾಗೋದು ಕಾರ್ತಿಕ, ಮಾರ್ಗಶಿರದಲ್ಲಿ. ಕೊಯ್ದ ರಾಗಿ ನೇರ ಮನೆಗೆ ಬರಲ್ಲ. ಮೆದೆ ಹಾಕಿ, ಕಣ ಮಾಡಿ ಸಗಣಿ ಸಾರಿಸಿ, ರೋಣಗಲ್ಲು ಎಳೆಸಿ, ತೂರಿ, ರಾಶಿ ಮಾಡೋ ಹೊತ್ತಿಗೆ ಪುಷ್ಯ ಬಂದಿರುತ್ತೆ. ಹುರುಳಿ, ಅವರೆ ಕೂಡ ಆಗಲೇ ಕೈಗೆ ಬರೋದು. ಅದಕ್ಕೇ ನಮ್ಮ ಸುಗ್ಗಿಯ ಚಂದ್ರ ಚೀನೀಯರದಕ್ಕಿಂತ ನಾಲ್ಕು ತಿಂಗಳು ತಡ. ಇದೇ ಹುಣ್ಣಿಮೆಯನ್ನು ಬಾದಾಮಿ ಕಡೆ ಬನದ ಹುಣ್ಣಿಮೆ ಅಂತಾರೆ, ಬನಶಂಕರಿ ಜಾತ್ರೆ ಅವತ್ತೇ.

ಯಳಂದೂರು ಕಡೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರದ್ದೂ ರಾಗಿಯದೇ ಲೆಕ್ಕ. ಅವರ ಸುಗ್ಗಿಗೆ ರೊಟ್ಟಿ ಹಬ್ಬ ಅಂತಲೇ ಹೆಸರು. ಹೊಸ ರಾಗಿಯ ರೊಟ್ಟಿ ಸುಟ್ಟು ದೇವರಿಗೆ ಇಟ್ಟು, ಎಲ್ಲರೂ ಹಂಚಿಕೊಂಡು ತಿಂದು, ರಾತ್ರಿಯೆಲ್ಲ ಗೊರುಕನ ಹಾಡಿ ಕುಣಿಯುತ್ತಾರೆ. ಬೆಟ್ಟದ ಮೇಲೆ ರೊಟ್ಟಿ, ಬೆಟ್ಟದ ಕೆಳಗೆ ಹಿಟ್ಟು. ಧಾನ್ಯ ಒಂದೇ.

ನಾನು ಚಿಕ್ಕವನಿದ್ದಾಗ ಕಣದಲ್ಲಿ ರಾಶಿ ಕಾಯೋಕೆ ಅಜ್ಜನ ಜೊತೆ ಮಲಗುತ್ತಿದ್ದೆ. ರಾಗಿ ರಾಶಿ ತಿಂಗಳ ಬೆಳಕಿನಲ್ಲಿ ಕಪ್ಪಗೆ ಕಾಣುತ್ತಿತ್ತು. ಬೆಳಗ್ಗೆ ರಾಶಿ ಪೂಜೆ ಆದಮೇಲೆ ಮೊದಲು ಅಳೆಯುತ್ತಿದ್ದದ್ದು ನಮ್ಮ ಮನೆಗಲ್ಲ. ಕುಡ, ಕುಡುಗೋಲು ತಟ್ಟಿಕೊಟ್ಟ ಆಚಾರಿಗೆ, ಮಡಿವಾಳರಿಗೆ, ಕ್ಷೌರದವರಿಗೆ, ತೋಟಿಗೆ ಇಷ್ಟಿಷ್ಟು ಅಂತ ಆಯ ಕೊಡಬೇಕು. ನೀಲಗಾರರು ತಂಬೂರಿ ಹಿಡಿದು ಬಂದರೆ ಅವರ ಜೋಳಿಗೆಗೂ ಹಾಕಬೇಕು. ಅದೆಲ್ಲ ಮುಗಿದ ಮೇಲೆ ಅಜ್ಜಿ ಒಂದು ಮೊರ ರಾಗಿ ತೆಗೆದು ಬೇರೆ ಚೀಲಕ್ಕೆ ಕಟ್ಟಿ, "ಇದು ಸಿದ್ದಪ್ಪಾಜಿ ಪಾಲು ಕನ ಮೊಗ, ಮುಟ್ಬೇಡ" ಅನ್ನುತ್ತಿದ್ದಳು. ಅದು ಹಿಟ್ಟಾಗಿ ನಮ್ಮ ಜೊತೆ ಚಿಕ್ಕಲ್ಲೂರಿಗೆ ಬರುತ್ತಿತ್ತು.

ಈ ಸಿದ್ದಪ್ಪಾಜಿ ಯಾರು? ನೀವು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗಿದ್ದರೆ ಮದ್ದೂರಿಗೆ ಮುಂಚೆ ನಿಡಘಟ್ಟ ದಾಟಿರ್ತೀರಿ. ಆ ಊರಿನ ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿ. ಮಂಟೇಸ್ವಾಮಿ ಅವನನ್ನು ಶಿಶುಮಗನಾಗಿ ಬೇಡಿ ಪಡೆದು, ಕಷ್ಟಗಳಿಗೆ ಒಡ್ಡಿ ಸಿದ್ದಪ್ಪಾಜಿ ಮಾಡಿದರು ಅಂತ ನೀಲಗಾರರು ಹಾಡುತ್ತಾರೆ. ಕನಕಪುರದ ಮೇಲೆ ಕೊಳ್ಳೇಗಾಲದ ಬಸ್ ಹತ್ತಿದರೆ ಹಲಗೂರು ಸಿಗುತ್ತೆ. ಅಲ್ಲಿನ ಪಾಂಚಾಳರ ಹತ್ತಿರ ಗುರುವಿಗಾಗಿ ಕಬ್ಬಿಣದ ಭಿಕ್ಷೆ ಬೇಡಲು ಹೋದವನು ಇದೇ ಸಿದ್ದಪ್ಪಾಜಿ. ತನ್ನ ಕುಲದವರೇ ಅವನನ್ನು ಹೀಯಾಳಿಸಿ ಪರೀಕ್ಷೆಗೆ ಒಡ್ಡುತ್ತಾರೆ, ಅವನು ಗೆದ್ದು ಬಂದು ಚಿಕ್ಕಲ್ಲೂರಿನಲ್ಲಿ ನೆಲೆಯಾಗುತ್ತಾನೆ. ಮಂಟೇಸ್ವಾಮಿಯ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ, ಇನ್ನೊಬ್ಬ ಶಿಷ್ಯ ರಾಚಪ್ಪಾಜಿಯದು ಕಪ್ಪಡಿಯಲ್ಲಿ. ಅಂದರೆ ವಾರಾಂತ್ಯಕ್ಕೆ ಊರಿಗೆ ಹೋಗುವ ನನ್ನಂಥವರು ಬಸ್ಸಿನ ಕಿಟಕಿಯಲ್ಲಿ ನೋಡೋ ಬೋರ್ಡುಗಳಲ್ಲಿ ಅರ್ಧ ಈ ಕಥೆಯ ಊರುಗಳೇ.

ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರು ತಂಬೂರಿ, ಗಗ್ಗರ, ಡಿಕ್ಕಿ, ತಾಳ ಹಿಡಿದು ರಾತ್ರಿಗಟ್ಟಲೆ ಹಾಡುತ್ತಾರೆ. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ದೊಡ್ಡ ಪಾಠವೊಂದನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾ ಪ್ರಸಂಗ' ನಾಟಕ ನೋಡಿದ್ದರೆ ಈ ಕಥೆಯ ಒಂದು ರೂಪ ನಿಮಗೆ ಗೊತ್ತಿರುತ್ತೆ. ಕಥೆ ಶುರುವಾಗೋದು ಬಸವಣ್ಣನವರ ಕಲ್ಯಾಣದಲ್ಲಿ. ಅಲ್ಲಿ ಎಲ್ಲರೂ ಸಮಾನರು ಅನ್ನೋ ಮಾತು ನಡೆಯುತ್ತಿರುವಾಗ ಮಂಟೇಸ್ವಾಮಿ ಹೆಂಡ, ಮಾಂಸ ಹೊತ್ತು, ನೋಡಿದವರು ಮೂಗು ಮುಚ್ಚಿಕೊಳ್ಳುವ ವೇಷದಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ನಿಜವಾದ ಶರಣರು ಯಾರು ಅಂತ ಅವರು ಪರೀಕ್ಷೆ ಮಾಡೋದು ಹೀಗೆ. ತತ್ವ ಕೇಳಲ್ಲ. ನಿಮ್ಮ ಜೊತೆ ಕೂರದವನನ್ನು, ನೀವು ತಿನ್ನದ್ದನ್ನು ತಿನ್ನುವವನನ್ನು ಒಳಗೆ ಕರೀತೀರಾ ಅಂತ ಕೇಳುತ್ತಾರೆ.

ಚಿಕ್ಕಲ್ಲೂರು ಜಾತ್ರೆಯನ್ನ ಈ ಪ್ರಶ್ನೆ ಇಟ್ಟುಕೊಂಡು ನೋಡಬೇಕು.

ಮೊದಲ ದಿನ ಚಂದ್ರಮಂಡಲ. ಬಿದಿರಿನ ಚೌಕಟ್ಟು ಕಟ್ಟಿ ಬಟ್ಟೆ ಸುತ್ತಿ, ಎಣ್ಣೆ ಎರೆದು, ಹುಣ್ಣಿಮೆ ರಾತ್ರಿ ಅದಕ್ಕೆ ಜ್ಯೋತಿ ಮುಟ್ಟಿಸುತ್ತಾರೆ. ಮೇಲೆ ಒಂದು ಚಂದ್ರ, ಕೆಳಗೆ ಉರಿಯುವ ಇನ್ನೊಂದು. ಯಾವ ದಿಕ್ಕಿನ ಕಡೆ ಚೆನ್ನಾಗಿ ಉರಿಯುತ್ತೋ ಆ ದಿಕ್ಕಿಗೆ ಮುಂದಿನ ವರ್ಷ ಮಳೆ ಬೆಳೆ ಅಂತ ನಂಬಿಕೆ. ಅಜ್ಜಿ ಸೆರಗಿನಲ್ಲಿ ಕಟ್ಟಿ ತಂದ ಒಂದು ಹಿಡಿ ರಾಗಿ, ಹುರುಳಿಯನ್ನು ಅದರ ಕಡೆ ಎಸೆಯುತ್ತಿದ್ದಳು. ಅಕ್ಕಪಕ್ಕದವರು ಕಾಸು, ಹಣ್ಣು ಎಸೆಯುತ್ತಿದ್ದರು. ಉರಿ ಎತ್ತ ವಾಲಿತು ಅಂತ ಅಜ್ಜನಿಗೂ ಪಕ್ಕದ ಬಿಡಾರದವರಿಗೂ ಪ್ರತಿವರ್ಷ ಜಗಳ. ಇಬ್ಬರೂ ತಂತಮ್ಮ ಹೊಲದ ಕಡೆಗೇ ವಾಲಿತು ಅನ್ನುತ್ತಿದ್ದರು.

ಎರಡನೇ ದಿನ ದೊಡ್ಡವರ ಸೇವೆ. ಮೂರನೇ ದಿನ ಮುಡಿ ಸೇವೆ, ತಲೆ ಬೋಳಿಸೋದು, ನೀಲಗಾರ ದೀಕ್ಷೆ ತಗೊಳ್ಳೋದು ಅವತ್ತು. ಈ ಮೂರು ದಿನ ನಮ್ಮ ಬಿಡಾರದಲ್ಲಿ ಹಿಸುಕಿದ ಅವರೆಕಾಳಿನ ಸಾರು ಅಥವಾ ಹುರುಳಿ ಸಾರು. ಹುರುಳಿ ಬೇಯಿಸಿದ ಕಟ್ಟನ್ನ ಬಸಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಸ್ವಲ್ಪ ಕಾಳು ಅರೆದು ಹಾಕಿ, ಮೂರು ಕಲ್ಲಿನ ಒಲೆಯ ಮೇಲೆ ಕುದಿಸಿ ಇಳಿಸಿದರೆ ಜನವರಿಯ ಚಳಿಗೆ ಅದಕ್ಕಿಂತ ಬೇರೆ ಬೇಕಿರಲಿಲ್ಲ. ಹೊಸ ರಾಗಿಯ ಹಿಟ್ಟಿಗೆ ಒಂದು ವಾಸನೆ ಇರುತ್ತೆ. ಬೆಂಗಳೂರಿನಲ್ಲಿ ಪ್ಯಾಕೆಟ್ ಹಿಟ್ಟು ತಂದು ಎಷ್ಟು ಸಲ ತಿರುವಿದರೂ ನನಗೆ ಅದು ಸಿಕ್ಕಿಲ್ಲ.

ನಾಲ್ಕನೇ ದಿನ ಪಂಕ್ತಿ ಸೇವೆ. ಜನ ಬಿಡಾರ ಬಿಡಾರಗಳಲ್ಲಿ ಬಾಡು ಬೇಯಿಸಿ, ಕಂಡಾಯಕ್ಕೆ ಎಡೆ ಇಟ್ಟು, ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ದಾರೀಲಿ ಹೋಗುವವರನ್ನೂ ಕರೆದು ಕೂರಿಸುತ್ತಾರೆ. ಪಕ್ಕದಲ್ಲಿ ಕೂತವನ ಜಾತಿ ಕೇಳುವ ಹಾಗಿಲ್ಲ. ಐದನೇ ದಿನ ಮುತ್ತತ್ತಿರಾಯನ ಸೇವೆ, ಅಲ್ಲಿಗೆ ಜಾತ್ರೆ ಮುಗಿಯಿತು.

'ಪಂಕ್ತಿ' ಅನ್ನೋ ಪದವನ್ನ ಸ್ವಲ್ಪ ಗಮನಿಸಿ. ಕನ್ನಡದಲ್ಲಿ ನಾವು ಹೆಚ್ಚಾಗಿ ಕೇಳಿರೋದು 'ಪಂಕ್ತಿಭೇದ'. ಇಂಥವರ ಸಾಲಿನಲ್ಲಿ ಇಂಥವರು ಕೂರಬಾರದು ಅನ್ನೋದಕ್ಕೆ ಬಳಕೆಯಾದ ಪದ ಅದು. ಭೇದ ಮಾಡುವವರ ಬಾಯಲ್ಲಿದ್ದ ಅದೇ ಪದವನ್ನು ಎತ್ತಿಕೊಂಡು, ಭೇದವನ್ನು ಬಿಟ್ಟು, ಅದಕ್ಕೆ 'ಸೇವೆ' ಸೇರಿಸಿದ್ದಾರೆ ಇಲ್ಲಿ. ಪಕ್ಕದಲ್ಲಿ ಕೂತು ಉಣ್ಣೋದೇ ಪೂಜೆ.

ಈಗ ಕಾನೂನಿನ ವಿಷಯಕ್ಕೆ ಬರೋಣ. ಅದಕ್ಕೆ ಸ್ವಲ್ಪ ಭೂಗೋಳ ಬೇಕು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮೈಸೂರಿನದಾಗಿರಲಿಲ್ಲ. ಮದ್ರಾಸ್ ಸರ್ಕಾರದ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕು ಅದು. ಈಗ ಬೇರೆ ತಾಲ್ಲೂಕಾಗಿರೋ ಹನೂರು ಆಗ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು. ಚಿಕ್ಕಲ್ಲೂರಿಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಯಳಂದೂರು, ಮಳವಳ್ಳಿ ಜನ ಒಂದು ಸರ್ಕಾರದ ಗಡಿ ದಾಟಿ ಇನ್ನೊಂದು ಸರ್ಕಾರದ ನೆಲಕ್ಕೆ ಬರುತ್ತಿದ್ದರು. ಕರ್ನಾಟಕದ ಹಳೇ ಕಾಯ್ದೆಗಳನ್ನು ತೆಗೆದು ನೋಡಿದರೆ ಇವತ್ತಿಗೂ 'ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ' ಅನ್ನೋ ವಿಚಿತ್ರ ಜೋಡಿ ಸಿಗುತ್ತೆ. ಸುಮಾರು 300 ಕಿಲೋಮೀಟರ್ ದೂರದ ಎರಡು ಊರು ಒಂದೇ ಪ್ರದೇಶ ಆಗಿದ್ದು, ಎರಡೂ ಮದ್ರಾಸಿನಿಂದ ಬಂದವು ಅನ್ನೋ ಕಾರಣಕ್ಕೆ.

ಮದ್ರಾಸ್ ಸರ್ಕಾರ 1950ರಲ್ಲೇ ದೇವಸ್ಥಾನಗಳಲ್ಲಿ ಪ್ರಾಣಿ, ಪಕ್ಷಿ ಬಲಿ ನಿಷೇಧಿಸುವ ಕಾಯ್ದೆ ತಂದಿತು. ಆಗ ಕೊಳ್ಳೇಗಾಲ ಅವರದೇ. ಆಮೇಲೆ ನಾವು ಮೈಸೂರಿಗೆ ಸೇರಿದೆವು, ಇಲ್ಲಿ 1959ರಲ್ಲಿ ಪ್ರಾಣಿ ಬಲಿ ತಡೆ ಕಾಯ್ದೆ ಬಂತು. ಮುಂದೆ ತಮಿಳುನಾಡಿನಲ್ಲಿ 2003ರಲ್ಲಿ ಹಳೇ ಕಾಯ್ದೆಯನ್ನು ಬಿಗಿಯಾಗಿ ಜಾರಿ ಮಾಡಲು ಹೊರಟಾಗ ಹಳ್ಳಿಗಳಲ್ಲಿ ದೊಡ್ಡ ವಿರೋಧ ಎದ್ದು, 2004ರಲ್ಲಿ ಆ ಕಾಯ್ದೆಯನ್ನೇ ರದ್ದು ಮಾಡಿದರು. ಹೀಗಾಗಿ ಹನೂರಿನಿಂದ ಆಚೆ, ಪಾಲಾರ್ ಹಳ್ಳ ದಾಟಿದರೆ ಒಂದು ನಿಯಮ, ಈಚೆ ಇನ್ನೊಂದು. ಈಚೆ ಕಳೆದ ಕೆಲವು ವರ್ಷಗಳಿಂದ ಜಾತ್ರೆಗೆ ಕುರಿ, ಮೇಕೆ, ಕೋಳಿ ತರದಂತೆ ದಾರಿಯಲ್ಲಿ ಚೆಕ್‌ಪೋಸ್ಟ್ ಹಾಕುತ್ತಾರೆ. ಗದ್ದುಗೆಯ ಮುಂದೆ ಯಾರೂ ಕಡಿಯಲ್ಲ, ನಮ್ಮ ಬಿಡಾರದಲ್ಲಿ ನಾವು ಬೇಯಿಸಿ ಉಣ್ಣುತ್ತೀವಿ, ಇದು ಬಲಿ ಹೇಗಾಗುತ್ತೆ ಅಂತ ಭಕ್ತರು ಕೇಳುತ್ತಾರೆ. ಜಾತ್ರೆಯ ಆವರಣದಲ್ಲಿ ದೇವರ ಹೆಸರಿನಲ್ಲಿ ಕಡಿದರೆ ಅದು ಬಲಿಯೇ ಅಂತ ಅಧಿಕಾರಿಗಳು ಹೇಳುತ್ತಾರೆ.

ಇಲ್ಲಿ ನನ್ನ ಮನಸ್ಸು ಒಂದೇ ಕಡೆ ವಾಲಲ್ಲ. ಆರನೇ ಕ್ಲಾಸಿನಲ್ಲಿದ್ದಾಗ ನಾನೇ ಸೊಪ್ಪು ಹಾಕಿ ಸಾಕಿದ ಮರಿಯನ್ನು ಚಿಕ್ಕಲ್ಲೂರಿಗೆ ಒಯ್ದಿದ್ದರು. ಅವತ್ತು ಅತ್ತು ಉಪವಾಸ ಮಲಗಿದ್ದೆ. ಪ್ರಾಣಿಗೆ ನೋವಾಗಬಾರದು ಅನ್ನುವವರ ಮಾತು ನನಗೆ ಅರ್ಥವಾಗುತ್ತೆ. ಆದರೆ ಟಿವಿಯಲ್ಲಿ, ಪತ್ರಿಕೆಯಲ್ಲಿ ಜಾತ್ರೆ ಅಂದರೆ ಬರೀ ಮರಿ ಮತ್ತು ಪೊಲೀಸ್. ಪರವಾಗಿ ಮಾತಾಡುವವರೂ ಬಾಡಿನ ಬಗ್ಗೆ ಮಾತಾಡುತ್ತಾರೆ, ವಿರೋಧಿಸುವವರೂ ಬಾಡಿನ ಬಗ್ಗೆಯೇ. ತಟ್ಟೆಯಲ್ಲಿ ಏನಿದೆ ಅನ್ನೋ ಗಲಾಟೆಯಲ್ಲಿ ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದು ಮರೆತುಹೋಗುತ್ತಿದೆ. ಪಂಕ್ತಿ ಸೇವೆಯಲ್ಲಿ ಕಷ್ಟದ್ದು ಅದು. ಮರಿ ಕೊಯ್ಯೋದು ಯಾವ ಕಾಲಕ್ಕೂ ಕಷ್ಟದ ಕೆಲಸ ಆಗಿರಲಿಲ್ಲ.

ಈಗ ನನ್ನ ಸುಳ್ಳಿನ ಇನ್ನರ್ಧ.

ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದವರೊಬ್ಬರಿದ್ದರು. ಅವರನ್ನು ನಾನು ಮಾವ ಅಂತ ಕರೆಯುತ್ತಿದ್ದೆ. ಊರಲ್ಲಿ ಅವರಿಗೆ ಊಟ ಕೊಟ್ಟಿಗೆಯ ಹತ್ತಿರ. ಅವರ ತಟ್ಟೆ, ಲೋಟ ಬೇರೆ, ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಿತ್ತು. ಉಂಡಮೇಲೆ ಅವರೇ ತೊಳೆದು ಅಲ್ಲೇ ಸಿಕ್ಕಿಸಬೇಕು. ಜಾತ್ರೆಗೆ ಅವರೂ ಅವರ ಮನೆಯವರೂ ನಮ್ಮ ಗಾಡಿಯಲ್ಲೇ ಬರುತ್ತಿದ್ದರು. ಪಂಕ್ತಿ ಸೇವೆಯ ದಿನ ಅವರು ಕೂರುತ್ತಿದ್ದದ್ದು ನನ್ನ ಅಜ್ಜನ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗೋ ಹಾಗೆ. ಅಜ್ಜಿಯೇ ಬಗ್ಗಿ ಅವರ ಎಲೆಗೆ ಹಿಟ್ಟು ಹಾಕಿ, "ಇನ್ನೊಸಿ ಸಾರು ಬುಟ್ಕೊ" ಅನ್ನುತ್ತಿದ್ದಳು.

ಒಂದು ವರ್ಷ ಊರಿಗೆ ವಾಪಸ್ ಬಂದ ಮರುದಿನ ಮಾವ ಮತ್ತೆ ಕೊಟ್ಟಿಗೆ ಹತ್ತಿರ ತಟ್ಟೆ ಹಿಡಿದು ಕೂತಿದ್ದನ್ನ ನೋಡಿ ಅಜ್ಜಿಯನ್ನ ಕೇಳಿದೆ, ಅಲ್ಲಿ ಕೂತ್ಕೊಂಡವರು ಇಲ್ಲಿ ಯಾಕೆ ಕೂತ್ಕೊಳಲ್ಲ ಅಂತ. ಅವಳು ಒಲೆಯ ಕಡೆಯಿಂದ ತಿರುಗದೆ ಹೇಳಿದಳು: "ಅದು ಸಿದ್ದಪ್ಪಾಜಿ ನೆಲ ಕನ ಮೊಗ. ಅಲ್ಲಿ ನಡದದ್ದ ಇಲ್ಲಿ ಕೇಳ್ಬಾರ್ದು."

ಪಾಟ್‌ಲಕ್ ಶೀಟಿನಲ್ಲಿ ನಮ್ಮ ಊಟದ ಹೆಸರು ಬರೆದರೆ ಅದರ ಕಥೆ ಹೇಳಬೇಕಾಗುತ್ತೆ. ಎಲ್ಲ ಜಾತಿಯವರು ಒಟ್ಟಿಗೆ ಕೂತು ಉಣ್ಣೋ ಹಬ್ಬ ಅಂತ ಹೆಮ್ಮೆಯಿಂದ ಹೇಳಬಹುದು. ವರ್ಷದ ಉಳಿದ 364 ದಿನ ಹೇಗಿತ್ತು ಅಂತ ಯಾರಾದರೂ ಕೇಳಿದರೆ? ಅದಕ್ಕೇ ಎಳ್ಳು ಬೆಲ್ಲ.

ಆ ಜನವರಿ ನಾನು ರಜೆ ಹಾಕಿ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೋದೆ, ಹತ್ತು ವರ್ಷದ ಮೇಲೆ. ಪಂಕ್ತಿ ಸೇವೆಯ ದಿನ ಚೆಕ್‌ಪೋಸ್ಟ್ ಇತ್ತು. ನಮ್ಮ ಚಿಕ್ಕಪ್ಪ ಕೊಳ್ಳೇಗಾಲದ ಅಂಗಡಿಯಿಂದ ಬಾಡು ತಂದಿದ್ದರು, ಹಿಟ್ಟು ಮನೆಯದು. ಮಾವ ಈಗಿಲ್ಲ. ಅವರ ಮಗ ಬಂದಿದ್ದ. ನನಗಿಂತ ಎರಡು ವರ್ಷ ಚಿಕ್ಕವನು, ಅವನೂ ಬಿಇ ಮಾಡಿ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಾನೆ, ವೈಟ್‌ಫೀಲ್ಡ್ ಕಡೆ. ಇಬ್ಬರೂ ಅಕ್ಕಪಕ್ಕ ಕೂತೆವು. ಮೆಟ್ರೋ, ಬಾಡಿಗೆ, ಲೇಆಫ್ ಅಂತ ಮಾತಾಡಿದೆವು. ಎರಡನೇ ಹಿಟ್ಟು ಮುರಿಯುತ್ತಾ ಅವನು ಸಹಜವಾಗಿ ಕೇಳಿದ:

"ಅಣ್ಣ, ನಮ್ಮಪ್ಪನ ತಟ್ಟೆ ನಿಮ್ಮನೆ ಸೂರಲ್ಲಿ ಇನ್ನೂ ಅದ್ಯಾ?"

"ಸೂರೇ ಇಲ್ಲ ಕನಪ್ಪ, ಆರ್‌ಸಿಸಿ ಹಾಕ್ಸಿದೀವಿ" ಅಂದೆ. ಅವನು ನಕ್ಕ. ನಾನೂ ನಗೋಕೆ ನೋಡಿದೆ. ಸಾರಿನ ಖಾರ ಗಂಟಲಿಗೆ ಹತ್ತಿತು.

ಸ್ವಲ್ಪ ಹೊತ್ತಾದ ಮೇಲೆ, "ಊರಿಗೆ ಬಂದಾಗ ಮನೆಗೆ ಬಾ, ಊಟಕ್ಕೆ" ಅಂದೆ. ಅವನು ತಕ್ಷಣ ಉತ್ತರ ಕೊಡಲಿಲ್ಲ. "ಒಳಕ್ಕಾ?" ಅಂದ.

"ಒಳಕ್ಕೆ."

ಯುಗಾದಿಗೆ ಅವನು ಬಂದ. ನಡುಮನೆಯಲ್ಲಿ ನನ್ನ ಪಕ್ಕ ಕೂತ. ಅವ್ವ ಒಂದು ಕ್ಷಣ ಬಾಗಿಲಲ್ಲಿ ನಿಂತಳು, ಆಮೇಲೆ ಒಳಗೆ ಹೋಗಿ ಎರಡು ತಟ್ಟೆ ತಂದಳು, ಒಂದೇ ಥರದವು. ಬಡಿಸುವಾಗ ಏನೂ ಮಾತಾಡಲಿಲ್ಲ. ಅವನು ಹೊರಡುವಾಗ ಮಾತ್ರ, "ನಿಮ್ಮವ್ವ ಚೆಂದಾಗವ್ಳಾ ಮೊಗ?" ಅಂತ ಕೇಳಿದಳು. ಅದರಿಂದ ಊರು ಬದಲಾಯಿತು ಅಂತ ನಾನು ಹೇಳಲ್ಲ. ಪಕ್ಕದ ಮನೆಯವರು ಮರುದಿನ ಅವ್ವನ ಹತ್ತಿರ ಏನೋ ಅಂದರಂತೆ, ಅವ್ವ ನನಗೆ ಹೇಳಲಿಲ್ಲ.

2026ರಲ್ಲಿ ಪುಷ್ಯದ ಹುಣ್ಣಿಮೆ ಜನವರಿ 3ಕ್ಕೇ ಬಂತು, ಸಂಕ್ರಾಂತಿಗಿಂತ ಮುಂಚೆಯೇ ಜಾತ್ರೆ ಮುಗಿದಿತ್ತು. ಎಚ್‌ಆರ್ ಶೀಟ್ ಮತ್ತೆ ಬಂತು. ಮೂರನೇ ಕಾಲಂನಲ್ಲಿ 'ರಾಗಿ ಹಿಟ್ಟು, ಹುರುಳಿ ಸಾರು' ಅಂತ ಬರೆದೆ. ವೆಜ್ಜೇ ತಾನೇ. ಪಕ್ಕದ ಟೀಮಿನ ಹುಡುಗಿಯೊಬ್ಬಳು ತಿಂದು, ಇದು ಯಾವ ಹಬ್ಬದ್ದು ಅಂತ ಕೇಳಿದಳು. ಕೂತ್ಕೊ ಹೇಳ್ತೀನಿ ಅಂದೆ. ಸೂರಿನ ತಟ್ಟೆಯಿಂದಲೇ ಶುರು ಮಾಡಿದೆ.